ಹಾಜರಿ ಹಾಕಿದರೆ ಹಣ

"ಮಕ್ಕಳನ್ನು ಸ್ಕೂಲಿಗೆ ಕಳಿಸಿದರೆ ಸರ್ಕಾರವೇ ದುಡ್ಡು ಕೊಡುತ್ತಾ? ನಾನಿಲ್ಲಿ ಎಲ್‌ಕೆಜಿ ಫೀಸಿಗೇ ಚೀಟಿ ಎತ್ತಿದ್ದೀನಲ್ಲಯ್ಯಾ!" ಸೀನ ಹೌಹಾರಿದ.

"ಮೆಕ್ಸಿಕೋದ ಹಳ್ಳಿಗಳ ಮಾತು ಕಣೋ," ಎಂದ ನಾಗರಾಜ. "1997ರಲ್ಲಿ ಪ್ರೊಗ್ರೆಸಾ ಅಂತ ಯೋಜನೆ ತಂದರು. ಬಡವರ ಮಕ್ಕಳು ಶೇಕಡಾ 85 ಹಾಜರಿ ಹಾಕಬೇಕು. ಹಾಕಿದರೆ ದುಡ್ಡು, ಅದೂ ಅಮ್ಮನ ಕೈಗೆ."

"ಅಪ್ಪನ ಕೈಗೆ ಯಾಕಿಲ್ಲ?"

"ನಿನ್ನಂಥವರು ಅಲ್ಲೂ ಇರುತ್ತಾರಲ್ಲ," ಎಂದಳು ಶಾರದಾ.

ಕ್ಲಾಸು ಮೇಲೇರಿದ ಹಾಗೆ ದುಡ್ಡೂ ಏರುತ್ತಿತ್ತಂತೆ. ಪ್ರೈಮರಿ ದಾಟಿದ ಮೇಲೆ ಹುಡುಗಿಯರಿಗೆ ಹುಡುಗರಿಗಿಂತ ಜಾಸ್ತಿ. ಇದ್ಯಾವ ನ್ಯಾಯ ಅಂತ ಸೀನ ಮತ್ತೆ ಎದ್ದ.

"ಕೂತ್ಕೊಳೋ. ಪ್ರೈಮರಿಗೆ ಹೆಚ್ಚುಕಡಿಮೆ ಎಲ್ಲರೂ ಹೋಗುತ್ತಿದ್ದರು. ಆಮೇಲೆ ಹುಡುಗ ಕೂಲಿಗೆ, ಹುಡುಗಿ ಮನೆಗೆಲಸಕ್ಕೆ. ಜಾಸ್ತಿ ಬಿಡುತ್ತಿದ್ದವರು ಹುಡುಗಿಯರೇ. ದೊಡ್ಡ ಮಕ್ಕಳು ದುಡಿದು ತರುವುದೂ ಜಾಸ್ತಿ, ಅದಕ್ಕೇ ಹಣವೂ ಜಾಸ್ತಿ. ಪ್ರೈಮರಿ ಮುಗಿಸಿ ಮುಂದಕ್ಕೆ ಸೇರುವವರು ಹೆಚ್ಚಾದರು."

"ಮಾರ್ಕ್ಸು?"

"ಶುರುವಿನಲ್ಲಿ ಪರೀಕ್ಷೆ ಮಾಡಿ ನೋಡಿದಾಗ ಅಂಥದ್ದೇನೂ ಏರಿರಲಿಲ್ಲ. ದುಡ್ಡು ಮಗುವನ್ನು ಬೆಂಚಿನ ಮೇಲೆ ಕೂರಿಸುತ್ತದೆ. ಪಾಠವನ್ನು ಮೇಷ್ಟ್ರೇ ಮಾಡಬೇಕಲ್ವಾ?"

ಶಾರದಾ ಮೊರಾಕ್ಕೋ ಕಥೆ ತೆಗೆದಳು. ಅಲ್ಲಿಯ ತಯ್ಸೀರ್ ಯೋಜನೆಯಲ್ಲಿ ಕೆಲವು ಊರುಗಳಿಗೆ ಷರತ್ತು: ತಿಂಗಳಲ್ಲಿ ನಾಲ್ಕಕ್ಕಿಂತ ಜಾಸ್ತಿ ಸಲ ಚಕ್ಕರ್ ಹೊಡೆದರೆ ದುಡ್ಡಿಲ್ಲ. ಇನ್ನು ಕೆಲವು ಊರುಗಳಲ್ಲಿ 'ಇದು ಮಕ್ಕಳ ಓದಿಗೆ' ಅಂತ ಹೇಳಿ ಕೊಟ್ಟರು, ಹಾಜರಿ ಕೇಳಲೇ ಇಲ್ಲ. ಎರಡೂ ಕಡೆ ಸ್ಕೂಲು ಬಿಡುವವರು ಬಹಳ ಕಡಿಮೆಯಾದರು. ಹಾಜರಿ ಪುಸ್ತಕ ಹಿಡಿದು ಎಣಿಸಿದ್ದರಿಂದ ಹೆಚ್ಚಿಗೆ ಏನೂ ಗಿಟ್ಟಲಿಲ್ಲ. "ಇನ್ನೊಂದು ಗೊತ್ತಾ? ಅಮ್ಮನಿಗೆ ಕೊಟ್ಟರೂ ಅಪ್ಪನಿಗೆ ಕೊಟ್ಟರೂ ಅಂಥಾ ವ್ಯತ್ಯಾಸ ಕಾಣಲಿಲ್ಲ."

"ಮೊರಾಕ್ಕೋದ ಅಪ್ಪಂದಿರಿಗೆ ಜೈ!" ಸೀನ ಟೇಬಲ್ ಕುಟ್ಟಿದ. ಲೋಟ ಉರುಳಿತು.

"ಷರತ್ತು ಸುಮ್ನೆ ದಂಡ ಅನ್ನಬೇಡ," ಎಂದ ನಾಗರಾಜ ಟೇಬಲ್ ಒರೆಸುತ್ತಾ. "ಆಫ್ರಿಕಾದ ಮಲಾವಿಯಲ್ಲಿ ಷರತ್ತು ಹಾಕಿದ ಕಡೆಯೇ ಹುಡುಗಿಯರ ಹಾಜರಿ ಚೆನ್ನಾಗಿತ್ತು."

"ಸ್ಕೂಲು ಬಿಟ್ಟವಳಿಗೆ?" ಶಾರದಾ ಬಿಡಲಿಲ್ಲ. "ದುಡ್ಡೂ ಹೋಯಿತು. ಷರತ್ತಿಲ್ಲದೆ ಕೊಟ್ಟ ಕಡೆ ಸ್ಕೂಲು ಬಿಟ್ಟವರಲ್ಲೂ ಚಿಕ್ಕ ವಯಸ್ಸಿನ ಮದುವೆ, ಬಸಿರು ಕಡಿಮೆಯಾಯಿತು."

ನಾನು ಶಾರದಾ ಪಕ್ಷ. ಓದಿಗೆ ಅಂತ ನಂಬಿ ಕೊಟ್ಟರೆ ಅಪ್ಪ-ಅಮ್ಮ ಓದಿಸಿಯಾರು. ತೀರಾ ಬಡವಿಯ ದುಡ್ಡನ್ನೇ ಮೊದಲು ನಿಲ್ಲಿಸುವುದು ಯಾವ ಸೀಮೆ ಸಹಾಯ?

"ಸರಿ," ಸೀನ ಕೈಚಾಚಿದ. "'ಇದು ಸೀನನ ಮಗನ ಓದಿಗೆ' ಅಂತ ಹೇಳಿ ತಲಾ ಐನೂರು ಇಡಿ. ಹಾಜರಿ ಕೇಳಬಾರದು."

"ಕೇಳಲ್ಲ," ಎಂದಳು ಶಾರದಾ. "ನಿನ್ನ ಹೆಂಡತಿ ಅಕೌಂಟ್ ನಂಬರ್ ಹೇಳು."