ನೇಣು ಹಾಕಿದ ಖರ್ಚಿಗೆ ಬಿಲ್ ಬಂದಿದ್ದು ನಿಜಾನಾ? (ಲೈಬ್ರರಿಯನ್ ಪನಿಜ್ಜಿ ಬಗ್ಗೆ)

ಪುಸ್ತಕದಹುಳ:
ಎಲ್ರಿಗೂ ನಮಸ್ಕಾರ. ನಾನು ಲೈಬ್ರರಿ ಸೈನ್ಸ್ ಓದ್ತಿದೀನಿ, ಕ್ಯಾಟಲಾಗಿಂಗ್ ಪೇಪರಲ್ಲಿ ಆಂಟೋನಿಯೊ ಪನಿಜ್ಜಿ ಅಂತ ಬರುತ್ತೆ, 1841, ಪುಸ್ತಕಪಟ್ಟಿ (ಕ್ಯಾಟಲಾಗ್) ಮಾಡೋಕೆ 91 ರೂಲ್ಸ್, ಅಷ್ಟೇ, ಎರಡು ಮಾರ್ಕ್ಸಿನ ಪ್ರಶ್ನೆ. ನಿನ್ನೆ ಸೀನಿಯರ್ ಒಬ್ಬ ಹೇಳ್ದ, ಈ ಮನುಷ್ಯಂಗೆ ಅವನೂರಿನ ಸರ್ಕಾರ ಗಲ್ಲು ಶಿಕ್ಷೆ ಕೊಟ್ಟು ಆಮೇಲೆ ಅದರ ಖರ್ಚು ಕಟ್ಟು ಅಂತ ಬಿಲ್ಲೂ ಕಳ್ಸಿತ್ತಂತೆ. ರೀಲ್ ಬಿಡ್ತಿದಾನೆ ಅನ್ಕೊಂಡೆ. ಬ್ರಿಟಿಷ್ ಮ್ಯೂಸಿಯಂ ಲೈಬ್ರರಿಯನ್‌ಗೆ ನೇಣು ಯಾಕ್ರೀ?

ಹಳೇಕಪಾಟು:
ನಿಮ್ ಸೀನಿಯರ್ ಸುಳ್ಳು ಹೇಳಿಲ್ಲ ಕಣ್ರಿ. ಹುಟ್ಟಿದ್ದು 1797, ಪೋ ನದಿ ಪಕ್ಕದ ಬ್ರೆಶೆಲ್ಲೊ, ಆಗಿನ್ನೂ ಇಟಲಿ ಅಂತ ಒಂದು ದೇಶಾನೇ ಇರ್ಲಿಲ್ಲ, ಊರು ಮುಂದೆ ಮೊಡೆನಾ ಅನ್ನೋ ಪುಟ್ಟ ರಾಜ್ಯದ ಡ್ಯೂಕ್ ಕೈಗೆ ಬಂತು. ಪಾರ್ಮಾದಲ್ಲಿ ಲಾ ಓದಿ ವಕೀಲ ಆದ, ಜೊತೆಗೆ ರಾಜರ ದರ್ಬಾರಿನ ವಿರುದ್ಧ ಇದ್ದ ಕಾರ್ಬೊನಾರಿ ಅನ್ನೋ ಗುಪ್ತ ಸಂಘದ ನಂಟು (ಇದ್ದಿಲು ಸುಡೋರು ಅಂತ ಅರ್ಥ). 1822ರಲ್ಲಿ ಹಿಡಿಯೋಕೆ ಬರ್ತಾರೆ ಅಂತ ಗೊತ್ತಾಗಿ ಸ್ವಿಟ್ಜರ್ಲೆಂಡಿಗೆ ಓಡಿದ, ಅಲ್ಲಿದ್ದಾಗ ಡ್ಯೂಕ್ ರುಬಿಯೇರಾ ಊರಲ್ಲಿ ಇಂಥ ಸಂಘದೋರ ಮೇಲೆ ನಡೆಸಿದ ವಿಚಾರಣೆಗಳ ಬಂಡವಾಳ ಬಯಲು ಮಾಡಿ ಒಂದು ಪುಸ್ತಕ ಬರೆದ, ಟೈಟಲ್ ಪೇಜಲ್ಲಿ ಮ್ಯಾಡ್ರಿಡ್ ಅಂತ ಸುಳ್ಳು ಊರು ಹಾಕಿದ್ರು. ಟೈಟಲ್ ಪೇಜ್ ಹೆಂಗೆ ಓದ್ಬೇಕು ಅಂತ ಮುಂದೆ ಊರಿಗೆಲ್ಲ ಪಾಠ ಮಾಡಿದ್ದೂ ಇವ್ನೇ, ಮಜಾ ನೋಡಿ!

1823ರಲ್ಲಿ ಗಲ್ಲು ಶಿಕ್ಷೆ ಕೊಟ್ಟು, ಪನಿಜ್ಜಿ ಕೈಗೆ ಸಿಗದೇ ಇದ್ದಿದ್ದಕ್ಕೆ ಅವನ ಪ್ರತಿಕೃತಿನ ನೇಣಿಗೆ ಹಾಕಿದ್ರು. ಆಮೇಲೆ ವಿಚಾರಣೆ, ನೇಣಿನ ಖರ್ಚು ಅಂತ 225 ಫ್ರಾಂಕ್ ಚಿಲ್ಲರೆ ಬಿಲ್ಲು. ಅಷ್ಟ್ಹೊತ್ತಿಗೆ ಲಿವರ್‌ಪೂಲಲ್ಲಿ ಇಟಾಲಿಯನ್ ಪಾಠ ಹೇಳ್ಕೊಂಡಿದ್ದ ಇವನು ಸತ್ತವರ ಲೋಕದಿಂದ ಬರೀತಿದೀನಿ ಅಂತ ವಿಳಾಸ ಹಾಕಿ, ದಿವಂಗತ ಪನಿಜ್ಜಿಯ ಆತ್ಮದ ಹೆಸರಲ್ಲಿ ಉತ್ರ ಕೊಟ್ಟ. ದುಡ್ಡು ಕಟ್ಲಿಲ್ಲ.

ಮಲ್ನಾಡ್ ಮಂಜು:
ಮಾರಾಯ್ರೆ ನಮ್ಮಲ್ಲಿ ಕರೆಂಟ್ ಇಲ್ದೇ ಇದ್ರೂ ಬಿಲ್ ಬರುತ್ತಲ್ಲ ಹಂಗಾಯ್ತು ಇದು 😂

ಕಾರ್ಡ್‌ಬಾಕ್ಸ್:
ನಾನು ರಿಟೈರ್ಡ್ ಲೈಬ್ರರಿಯನ್, ಒಂದೆರಡು ಸೇರಿಸ್ತೀನಿ. ಮ್ಯೂಸಿಯಂ ಸೇರಿದ್ದು 1831, ಪುಸ್ತಕ ವಿಭಾಗದ ಮುಖ್ಯಸ್ಥ ಆಗಿದ್ದು 1837. ಪರದೇಶಿಗೆ ಈ ಕೆಲ್ಸ ಯಾಕೆ ಅಂತ ಗಲಾಟೆ ಆಯ್ತು, ಲಂಡನ್ ಬೀದೀಲಿ ಬಿಳಿ ಇಲಿ ಮಾರ್ತಿದ್ದೋನು ಅಂತಲೂ ಒಬ್ರು ಆಡ್ಕೊಂಡಿದ್ರಂತೆ. ಅದಕ್ಕೂ ಮುಂಚೆ 1836ರಲ್ಲೇ ಪಾರ್ಲಿಮೆಂಟ್ ಕಮಿಟಿ ಮುಂದೆ, ಬಡ ವಿದ್ಯಾರ್ಥಿಗೂ ದೇಶದ ದೊಡ್ಡ ಸಾಹುಕಾರನಿಗೆ ಸಿಗೋವಷ್ಟೇ ಪುಸ್ತಕ ಸಿಗ್ಬೇಕು ಅಂತ ಹೇಳಿದ್ದ. ಹೆಸರಾಂತ ಲೇಖಕ ಕಾರ್ಲೈಲ್ ಓದೋಕೆ ಬೇರೆ ರೂಮ್ ಕೇಳಿದ್ರೆ ಅದನ್ನೂ ಕೊಡ್ಲಿಲ್ಲ, ಆ ಮಹಾಶಯ ಜನ್ಮಪೂರ್ತಿ ಬೈದ. ಕ್ಯಾಟಲಾಗ್ ಅರ್ಧಂಬರ್ಧ ಪ್ರಿಂಟ್ ಮಾಡೋದು ಬೇಡ ಅಂದ, ಮ್ಯೂಸಿಯಂ ಟ್ರಸ್ಟಿಗಳು ಕೇಳ್ಲಿಲ್ಲ, 1841ರಲ್ಲಿ ಎ ಅಕ್ಷರದ ಸಂಪುಟ ಬಂತು, ಅಲ್ಲಿಗೇ ನಿಂತೋಯ್ತು. 1857ರ ಗುಂಡನೆ ರೀಡಿಂಗ್ ರೂಮಿಗೂ ಮೊದಲ ಸ್ಕೆಚ್ ಇವನದೇ, ಅಂಗಳದಲ್ಲಿ ಖಾಲಿ ಬಿದ್ದಿದ್ದ ಜಾಗಕ್ಕೆ.

ಪುಸ್ತಕದಹುಳ:
ಥ್ಯಾಂಕ್ಸ್ ಸರ್! ಲಂಡನ್ ಸೇರಿದ್ಮೇಲೆ ರಾಜಕೀಯ ಬಿಟ್ಟೇಬಿಟ್ನಾ?

ಹಳೇಕಪಾಟು:
ಎಲ್ಲಿ ಬಿಡ್ತಾನೆ. ನೇಪಲ್ಸ್ ರಾಜ ಸೆತ್ತೆಂಬ್ರಿನಿ ಅನ್ನೋ ಬರಹಗಾರನ್ನ ಸ್ಯಾಂಟೊ ಸ್ಟೆಫಾನೊ ದ್ವೀಪದ ಜೈಲಲ್ಲಿ ಇಟ್ಟಿದ್ದ. ಪನಿಜ್ಜಿ ಚಂದಾ ಎತ್ತಿ, ಬಿಡಿಸಿ ತರೋಕೆ ಹಡಗನ್ನೇ ಕೊಂಡ, ಅದು 1855ರಲ್ಲಿ ಇಂಗ್ಲೆಂಡ್ ತೀರದಲ್ಲೇ ಬಿರುಗಾಳಿಗೆ ಮುಳುಗೋಯ್ತು. ಕೊನೆಗೆ 1859ರಲ್ಲಿ ಕೈದಿಗಳನ್ನ ಅಮೆರಿಕಾಕ್ಕೆ ಸಾಗಿಸ್ತಿದ್ದಾಗ ಸೆತ್ತೆಂಬ್ರಿನಿ ಮಗನೇ ಕೆಲಸದೋನ ವೇಷದಲ್ಲಿ ಹಡಗು ಹತ್ತಿ ಅದನ್ನ ಐರ್ಲೆಂಡ್ ಕಡೆ ತಿರುಗಿಸಿದ.