ಸಹಾಯ ಬೇಕು: ಅತ್ತೆಯ ಕೈಗೆ ಎಟಕುವ ಕಪಾಟು ಮಾಡಿಸಬೇಕು

ಎಲ್ಲರಿಗೂ ನಮಸ್ಕಾರ. ಮುಂಬೈಯ ಮುಲುಂಡ್‌ನಲ್ಲಿ ನಮ್ಮದು ಒಂದು ಬೆಡ್‌ರೂಮಿನ ಮನೆ. ಊರಿಂದ ಬಂದ ಅತ್ತೆ ಈಗ ನಮ್ಮ ಜೊತೆಗೇ ಇದ್ದಾರೆ. ಅವರಿಗೆ ಮಂಡಿನೋವು, ಬಗ್ಗೋಕೆ ಆಗಲ್ಲ. ಅಕ್ಕಿ ಡಬ್ಬ ಅಡುಗೆಕಟ್ಟೆಯ ಕೆಳಗೆ ಮೂಲೆಯಲ್ಲಿ, ಬೇಳೆ ಡಬ್ಬಗಳು ತಲೆಗಿಂತ ಮೇಲೆ. ಹೊದಿಕೆಗಳೆಲ್ಲ ಬಾಕ್ಸ್ ಮಂಚದೊಳಗೆ. ಒಂದು ಚಾದರ ಬೇಕಿದ್ದರೂ ಗಾದಿ ಎತ್ತಬೇಕು. ಪ್ರತಿಯೊಂದಕ್ಕೂ ನನ್ನನ್ನು ಕರೆಯೋಕೆ ಅವರಿಗೆ ಸಂಕೋಚ. ಈಗ ಕೇಳೋದನ್ನೇ ಬಿಟ್ಟಿದ್ದಾರೆ, ಸುಮ್ನೆ ಕೂತಿರುತ್ತಾರೆ. ಊರಲ್ಲಿ ಇಡೀ ಅಡುಗೆಮನೆ ನಡೆಸಿದವರು ಅಲ್ವಾ, ನೋಡಿದರೆ ಕರುಳು ಚುರುಕ್ ಅನ್ನುತ್ತೆ.

ದಿನಾ ಬಳಸೋದೆಲ್ಲ ಅವರ ಸೊಂಟದಿಂದ ಭುಜದ ಎತ್ತರದೊಳಗೆ ಸಿಗಬೇಕು. ಅಟ್ಟಕ್ಕೆ ಸೂಟ್‌ಕೇಸ್, ಗಣಪತಿ ಹಬ್ಬದ ಸಾಮಾನು ಮಾತ್ರ. ಕಟ್ಟೆ ಕೆಳಗೆ ಬಾಗಿಲಿನ ಬದಲು ಪೂರ್ತಿ ಹೊರಗೆ ಬರುವ ಡ್ರಾಯರ್ ಹಾಕಿಸೋ ಆಸೆ. ಅಕ್ಕಿ, ಬೇಳೆಯ ಭಾರಕ್ಕೆ ಅದರ ಚಾನೆಲ್ (ಡ್ರಾಯರ್ ಜಾರುವ ಪಟ್ಟಿ) ತಡೆಯುತ್ತಾ? ಹಾಕಿಸಿದವರು ಹೇಳಿ.

ಇನ್ನೊಂದು ತಲೆನೋವು ಮಳೆಗಾಲ. ಬೆಡ್‌ರೂಮಿನ ಕಪಾಟು ಹೊರಗೋಡೆಗೆ ಅಂಟಿಕೊಂಡಿದೆ. ಜುಲೈ ಬಂತೆಂದರೆ ರೇಷ್ಮೆ ಸೀರೆಗೂ ಬೂಷ್ಟು. ಹೊಸದನ್ನು ಗೋಡೆಯಿಂದ ಸ್ವಲ್ಪ ಬಿಟ್ಟು, ಗಾಳಿಯಾಡುವಂತೆ ಮಾಡಿಸುತ್ತೇನೆ. ಬಡಗಿ ಎಂಆರ್ ಪ್ಲೈವುಡ್ ಸಾಕು ಅಂತಾರೆ. ಅದು ತೇವ ತಡೆದೀತು, ನೀರಲ್ಲ. ಸಿಂಕ್ ಕೆಳಗಾದರೂ ಐಎಸ್ 710 ಗುಣಮಟ್ಟದ ಗುರುತಿರುವ, ನೀರು ತಡೆಯುವ ಮರೈನ್ ಪ್ಲೈ ಬೇಕೇ ಬೇಕು ಅಂತ ನನ್ನ ಹಟ.

ಮುಲುಂಡ್, ಭಾಂಡುಪ್ ಕಡೆ ಮನೆಗೇ ಬಂದು, ಅತ್ತೆಯನ್ನೇ ನಿಲ್ಲಿಸಿ ಅಳತೆ ತಗೊಳ್ಳೋ ತಾಳ್ಮೆಯ ಬಡಗಿ ಗೊತ್ತಿದ್ದರೆ ತಿಳಿಸಿ. ಇಂಥದ್ದನ್ನು ಮಾಡಿಸಿದವರಿದ್ದರೆ ಖರ್ಚು ಎಷ್ಟಾಯಿತು ಅಂತಲೂ ಹೇಳಿ. ಗಣಪತಿ ಹಬ್ಬದೊಳಗೆ ಅಡುಗೆಮನೆಯಾದರೂ ಮುಗಿಯಬೇಕು.