ಅಮೆರಿಕದಾಗ ರಾಜ್ಯಕ್ಕೊಂದು ಸಂವಿಧಾನ ಅದ, ನಮ್ಮ 371ಜೆ ಅಂಥದ್ದೇ ಏನ್ರಿ?

ಕಲಬುರಗಿ_ಲಾ_ಸ್ಟೂಡೆಂಟ್

ಎಲ್ಲರಿಗೂ ಶರಣು. ನಾ ಕಲಬುರಗಿಯಾಗ ಎಲ್‌ಎಲ್‌ಬಿ ಓದ್ಲಿಕತ್ತೀನಿ. ಮೂಟ್ ಕೋರ್ಟ್ (ಕಾಲೇಜಿನ ಅಣಕು ವಾದದ ಸ್ಪರ್ಧೆ) ಸಲುವಾಗಿ ಅಮೆರಿಕದ ಕೇಸ್ ಓದೂವಾಗ ಒಂದು ಪ್ರಶ್ನೆ ತಲ್ಯಾಗ ಕುಂತದ, ಹೋಗವಲ್ದು. ಟೆಕ್ಸಾಸ್ ರಾಜ್ಯದ ಸ್ಯಾನ್ ಆಂಟೋನಿಯೊದಾಗ ಎಡ್ಜ್‌ವುಡ್ ಅಂತ ಬಡವರ ಏರಿಯಾ, ಅಲ್ಲಿನ ತಂದಿತಾಯಿ ನಮ್ಮ ಸಾಲಿಗೆ ರೊಕ್ಕ ಕಮ್ಮಿ ಬರ್ತದ, ಬಾಜೂಕಿನ ಶ್ರೀಮಂತರ ಸಾಲಿಗೆ ಭಾಳ ಬರ್ತದ ಅಂತ ಕೇಸ್ ಹಾಕಿದ್ರು. 1973ರಾಗ ದೇಶದ ಸುಪ್ರೀಂ ಕೋರ್ಟ್ 5-4ರಾಗ, ಶಿಕ್ಷಣ ನಮ್ಮ ಸಂವಿಧಾನದಾಗ ಮೂಲಭೂತ ಹಕ್ಕೇ ಅಲ್ಲ ಅಂತ ಹೇಳಿ ವಾಪಸ್ ಕಳಿಸ್ತು. ಆದ್ರ 1989ರಾಗ ಅದೇ ಎಡ್ಜ್‌ವುಡ್‌ನವ್ರು ಟೆಕ್ಸಾಸ್ ರಾಜ್ಯದ ಸಂವಿಧಾನ ಹಿಡ್ಕೊಂಡು ರಾಜ್ಯದ ಸುಪ್ರೀಂ ಕೋರ್ಟಿನಾಗ ಗೆದ್ರು, ಎಲ್ಲಾ ಜಡ್ಜ್‌ಗೋಳೂ ಒಂದೇ ಮಾತು ಹೇಳಿದ್ರು.

ಅಂದ್ರ ಅವ್ರಿಗೆ ದಿಲ್ಲಿ ಬಾಗ್ಲಾ ಮುಚ್ಚಿದ್ರ ಬೆಂಗಳೂರ ಬಾಗ್ಲಾ ಇದ್ದಂಗ. ನಮಗ ಹಿಂಗ ಎರಡನೇ ಬಾಗ್ಲಾ ಅದ ಏನು? ನಮ್ಮ ಹೈದ್ರಾಬಾದ್-ಕರ್ನಾಟಕ (ಈಗ ಕಲ್ಯಾಣ ಕರ್ನಾಟಕ) ಭಾಗಕ್ಕ ನೌಕರಿ, ಸೀಟಿನಾಗ ವಿಶೇಷ ಅವಕಾಶ ಕೊಡೋ ಸಂವಿಧಾನದ 371ಜೆ ವಿಧಿ ಅಂಥದ್ದು ಅನ್ನಬಹುದಾ?

ಹೈಕೋರ್ಟ್_ಪೀಠ_ವಕೀಲ

ಛಲೋ ಪ್ರಶ್ನೆ ತಂಗಿ. ಮೊದಲ ಒಂದು ಮಾತು, ನಮ್ಮ ರಾಜ್ಯಗಳಿಗೆ ಬ್ಯಾರೆ ಸಂವಿಧಾನ ಇಲ್ಲ. ಜಮ್ಮು-ಕಾಶ್ಮೀರಕ್ಕ ಒಂದಿತ್ತು, 1957ರ ಜನವರಿ 26ಕ್ಕ ಪೂರ್ತಿ ಜಾರಿಗೆ ಬಂದದ್ದು, 2019ರಾಗ ಅದೂ ಹೋಯ್ತು. ಹಂಗಂತ ನಮ್ದು ಕಮ್ಮಿ ಅಂತ ತಿಳ್ಕೋಬ್ಯಾಡ. ಅಮೆರಿಕದಾಗ ಅವರ ಹಕ್ಕುಗಳ ಪಟ್ಟಿ ರಾಜ್ಯ ಸರ್ಕಾರಗಳಿಗೆ ಅನ್ವಯಾನೇ ಆಗ್ತಿರಲಿಲ್ಲ, 1833ರಾಗ ಅವ್ರ ಕೋರ್ಟೇ ಹಂಗ ಹೇಳಿತ್ತು. 1868ರಾಗ 14ನೇ ತಿದ್ದುಪಡಿ ಬಂದಮ್ಯಾಲ, ಆಮ್ಯಾಲ ಒಂದೊಂದೇ ತೀರ್ಪಿನಾಗ ಒಂದೊಂದೇ ಹಕ್ಕು ರಾಜ್ಯಗಳ ಮ್ಯಾಲ ಬಂತು. ನಮ್ಮಲ್ಲಿ 12ನೇ ವಿಧಿ ಓದಿ ನೋಡು, ಮೊದಲ ದಿನದಿಂದ್ಲೇ ದಿಲ್ಲಿ ಸರ್ಕಾರ, ರಾಜ್ಯ ಸರ್ಕಾರ, ಪಂಚಾಯ್ತಿ ಎಲ್ಲಾ ಮೂಲಭೂತ ಹಕ್ಕಿನ ಕೆಳಗ.

ಶಿಕ್ಷಣಾನೂ ನೋಡು. ಕ್ಯಾಪಿಟೇಷನ್ ಫೀ (ಸೀಟಿಗಂತ ಕಾಲೇಜು ಹೆಚ್ಚಿಗಿ ವಸೂಲಿ ಮಾಡೋ ರೊಕ್ಕ) ಬಗ್ಗೆ ಮೋಹಿನಿ ಜೈನ್ ಕೇಸ್ 1992ರಾಗ ಬಂದದ್ದು ನಮ್ಮ ಕರ್ನಾಟಕ ಸರ್ಕಾರದ ವಿರುದ್ಧಾನೇ, 2002ರ 86ನೇ ತಿದ್ದುಪಡಿಯಿಂದ 21ಎ ಬಂತು, 6ರಿಂದ 14 ವರ್ಷದ ಮಕ್ಕಳಿಗೆ ದೇಶ ತುಂಬ ಹಕ್ಕು. ಮೊಂಟಾನಾ ರಾಜ್ಯದ 1972ರ ಸಂವಿಧಾನದಾಗ ಶುದ್ಧ ಪರಿಸರದ ಹಕ್ಕು ಅಂತ ಬರದಾರ, ಅದರ ಮ್ಯಾಲ ಹುಡುಗರು 2023ರಾಗ ಕೇಸ್ ಗೆದ್ದಾರ, 2024ರಾಗ ಅಲ್ಲಿನ ಸುಪ್ರೀಂ ಕೋರ್ಟೂ ಎತ್ತಿಹಿಡೀತು. ನಮ್ಮಲ್ಲಿ ಅದು 21ನೇ ವಿಧಿ ಒಳಗಿಂದ ಬಂದದ, 1991ರ ಸುಭಾಷ್ ಕುಮಾರ್ ತೀರ್ಪು ತಗದು ನೋಡು.

ಎರಡನೇ ಬಾಗ್ಲಾ ಕೇಳಿದೆಲ್ಲ, ನನ್ನ ಲೆಕ್ಕದಾಗ ಅದು 226ನೇ ವಿಧಿ. 32ರ ಕೆಳಗ ಸುಪ್ರೀಂ ಕೋರ್ಟಿಗೆ ಮೂಲಭೂತ ಹಕ್ಕಿಗಷ್ಟೇ ಹೋಗಬೇಕು, 226ರ ಕೆಳಗ ಹೈಕೋರ್ಟಿಗೆ ಬ್ಯಾರೆ ಕಾನೂನು ಹಕ್ಕಿಗೂ ಬರಬಹುದು. 2008ಕ್ಕಿಂತ ಮೊದಲ ಅದಕ್ಕ ರಾತ್ರಿ ರೈಲು ಹತ್ತಿ ಬೆಂಗಳೂರಿಗೆ ಹೋಗಬೇಕಿತ್ತು. ಆಗ ಕಲಬುರಗಿಗೆ ಹೈಕೋರ್ಟಿನ ಸಂಚಾರಿ ಪೀಠ ಬಂತು, 2013ರಾಗ ಕಾಯಂ ಆಯ್ತು. ಈಗ ಔರಾದಿನ ರೈತ ಮುಂಜಾನೆ ಬಸ್ ಹತ್ತಿ ಬಂದು ವಕೀಲರನ್ನ ಕಂಡು ಸಂಜೀಕ ಮನಿ ಮುಟ್ಟತಾನ. ಹಕ್ಕು ಪುಸ್ತಕದಾಗ ಇರೋದು ಎಷ್ಟು ಮುಖ್ಯಾನೋ ಇದೂ ಅಷ್ಟೇ ಮುಖ್ಯ ಅಂತ ನಾ ದಿನಾ ನೋಡ್ತೀನಿ.

ಶಹಾಪುರ_ಎಫ್‌ಡಿಎ_ಆಕಾಂಕ್ಷಿ

ಸರ, 371ಜೆ ಬಗ್ಗೆ ಹೇಳಲೇ ಇಲ್ಲ ನೀವು. ನಮಗ ಅದೇ ದೊಡ್ಡದು. ಕೆಪಿಎಸ್‌ಸಿ ನೋಟಿಫಿಕೇಷನ್ ಬಂತಂದ್ರ ನಾವು ಮೊದಲ ನೋಡೋದು ಹೈ-ಕ (ಹೈದ್ರಾಬಾದ್-ಕರ್ನಾಟಕದ ಹುದ್ದೆ) ಎಷ್ಟು, ಆರ್‌ಪಿಸಿ (ಬಾಕಿ ಕರ್ನಾಟಕದ ಹುದ್ದೆ) ಎಷ್ಟು ಅಂತ. ನಮ್ಮ ಭಾಗದ ಹುದ್ದೆದಾಗ ಎ, ಬಿ ಗ್ರೂಪಿಗೆ 75 ಪರ್ಸೆಂಟ್, ಸಿ 80, ಡಿ 85, ಹೊರಗಿನ ರಾಜ್ಯಮಟ್ಟದ ಕಚೇರಿಗೋಳಾಗ 8, ಕಾಲೇಜ್ ಸೀಟ್ 70. ಈ ಮೀಸಲಾತಿಗೆ ಬೇಕಾಗೋ ಎಸಿ (ಸಹಾಯಕ ಆಯುಕ್ತರ) ಆಫೀಸಿನ ಸರ್ಟಿಫಿಕೇಟ್ ಸಲುವಾಗಿ ನಮ್ಮ ಅಕ್ಕ ಒಂದನೇತ್ತದಿಂದ ಹತ್ತನೇತ್ತದ ತನಕ ಓದಿದ ವ್ಯಾಸಂಗ ಪ್ರಮಾಣಪತ್ರಕ್ಕ ಒಂದು ಹಳ್ಳಿ ಸಾಲಿಗೆ ಅಡ್ಡಾಡಿ ಅಡ್ಡಾಡಿ ಸಾಕಾಗಿ ಹೋದ್ಳು, ಹಳೇ ದಾಖಲಾತಿ ರಿಜಿಸ್ಟರಿನ ಆ ಹಾಳಿನೇ ಗೆದ್ದಲ ತಿಂದಿತ್ತು, ಕಡೀಕ ಅಪ್ಲಿಕೇಷನ್ ಲಾಸ್ಟ್ ಡೇಟ್ ದಾಟಿಹೋಯ್ತು. ಈಗ ಹೇಳ್ರಿ, ಇದು ಹಕ್ಕು ಆಗ್ತದ ಇಲ್ಲ ಸರ್ಕಾರದ ದಯಾ ಆಗ್ತದ?

ಬೀದರ್_ನಿವೃತ್ತ_ಮಾಸ್ತರ

ತಮ್ಮಾ, ದಯಾ ಅಲ್ಲ, ಹೋರಾಡಿ ತಗೊಂಡದ್ದು. ನಿಜಾಮರ ಕಾಲದಾಗ ಇಲ್ಲಿಯವ್ರಿಗೇ ನೌಕರಿ ಅನ್ನೋ ಮುಲ್ಕಿ ನಿಯಮ ಇತ್ತು. 1956ರಾಗ ನಾವು ಮೈಸೂರು ರಾಜ್ಯಕ್ಕ ಸೇರಿದ್ವಿ. ಹೈದ್ರಾಬಾದ್ ರಾಜ್ಯದಾಗೇ ಇದ್ದ ತೆಲಂಗಾಣದವ್ರು ಆಂಧ್ರಕ್ಕ ಹೋದ್ರು, ಅಲ್ಲಿಗೆ 371ಡಿ ಆಗಲೇ 1973ರಾಗ 32ನೇ ತಿದ್ದುಪಡಿಯಿಂದ ಬಂತು. ನಮಗ 98ನೇ ತಿದ್ದುಪಡಿ ಬರಬೇಕಂದ್ರ 2012 ಆಗಬೇಕಾಯ್ತು. ವೈಜನಾಥ ಪಾಟೀಲರು ಅದಕ್ಕಾಗಿ ಎಷ್ಟು ವರ್ಷ ಬೀದಿಗಿಳದ್ರು ಅನ್ನೋದು ನಿಮ್ಮ ವಯಸ್ಸಿನವ್ರಿಗೆ ಗೊತ್ತಿರಬೇಕು.

ಹೈಕೋರ್ಟ್_ಪೀಠ_ವಕೀಲ

ಮಾಸ್ತರರು ಹೇಳಿದ್ದು ಖರೆ. ಶಹಾಪುರ ತಮ್ಮಾ, ನಿನ್ನ ಪ್ರಶ್ನೆಗೆ ಉತ್ತರ 371ಜೆದ ಭಾಷೆದಾಗೇ ಅದ. ಅದು ನನಗ ನಿನಗ ನೇರ ಹಕ್ಕು ಕೊಡಂಗಿಲ್ಲ. ರಾಷ್ಟ್ರಪತಿ ಆದೇಶ ಮಾಡಿ ರಾಜ್ಯಪಾಲರಿಗೆ ವಿಶೇಷ ಹೊಣೆ ಕೊಡಬಹುದು ಅಂತದ, ಅಭಿವೃದ್ಧಿ ಮಂಡಳಿ, ಅನುದಾನ, ಸೀಟು, ನೌಕರಿ ಎಲ್ಲಾ ಆ ಹೊಣೆ ಒಳಗ ಬರ್ತಾವ. ನೀ ಹೇಳಿದ 75, 80, 85 ಸಂವಿಧಾನದಾಗ ಇಲ್ಲ, 2013ರ ಆದೇಶದಾಗ ಅವ. ಅದಕ್ಕೇ ವಿಧಿ, ಆದೇಶ, ಕಚೇರಿ ನಿಯಮ ಅಂತ ಮೂರು ಹಂತ ಮಾಡಿ ನೋಡಬೇಕು. ವಿಧಿ ತಗೀಬೇಕಂದ್ರ ಪಾರ್ಲಿಮೆಂಟಿನಾಗ ವಿಶೇಷ ಬಹುಮತ ಬೇಕು, ವಿಧಾನಸೌಧದಾಗ ಕುಂತು ಯಾರೂ ತಗೀಲಿಕ್ಕೆ ಆಗಂಗಿಲ್ಲ. ಆದೇಶ ಅಷ್ಟು ಗಟ್ಟಿ ಅಲ್ಲ. ಸರ್ಟಿಫಿಕೇಟಿಗೆ ಯಾವ ಕಾಗದ ಬೇಕು ಅನ್ನೋದು ಇನ್ನೂ ಕೆಳಗ, ಕಚೇರಿ ಮಟ್ಟದಾಗ, ಮತ್ತ ಮಂದಿ ಹಕ್ಕು ಕಳ್ಕೊಳ್ಳೋದು ಬಹುತೇಕ ಅಲ್ಲೇ. ನಿಮ್ಮ ಅಕ್ಕನಂಥವ್ರು ಅರ್ಜಿ ಕೊಟ್ಟ ಸ್ವೀಕೃತಿ ಇಟ್ಕೊಂಡು, ತಿರಸ್ಕಾರ ಮಾಡಿದ್ರ ಕಾರಣ ಬರದು ಕೊಡ್ರಿ ಅಂತ ಕೇಳಿ, ಡೇಟ್ ಮುಗಿಯೋಕ್ಕಿಂತ ಮೊದಲೇ 226ಕ್ಕ ಬರಬೇಕು. ಡೇಟ್ ದಾಟಿದ ಮ್ಯಾಲ ಭಾಳ ಕಷ್ಟ.

ಇನ್ನೊಂದು, ಇದು ರಾಜ್ಯ ಸರ್ಕಾರದ ಹುದ್ದೆ, ಅದರ ಕೈಕೆಳಗಿನ ಸಂಸ್ಥೆಗಳ ಹುದ್ದೆಗಷ್ಟೇ. ರೈಲ್ವೆಗೆ, ಖಾಸಗಿ ಕಂಪನಿಗೆ ಅನ್ವಯ ಇಲ್ಲ.

ಕಲಬುರಗಿ_ಲಾ_ಸ್ಟೂಡೆಂಟ್

ಸರ ಭಾಳ ಉಪಕಾರ ಆಯ್ತು. ಆದ್ರೂ ಕರ್ನಾಟಕಕ್ಕ ನಮ್ದೇ ಒಂದು ಸಂವಿಧಾನ ಇದ್ದಿದ್ರ ಇನ್ನಷ್ಟು ಹಕ್ಕು ಬರಕೊಳ್ಳಬಹುದಿತ್ತಲ್ಲ ಅನಸ್ತದ.

ಹೈಕೋರ್ಟ್_ಪೀಠ_ವಕೀಲ

ಬರಕೊಳ್ಳಬಹುದಿತ್ತು, ಆದ್ರ ಅಳಸೋದೂ ಅಷ್ಟೇ ಸರಳ ತಂಗಿ. ಅಮೆರಿಕದಾಗ ದೇಶದ ಸಂವಿಧಾನಕ್ಕ 27 ತಿದ್ದುಪಡಿ, ಟೆಕ್ಸಾಸಿಂದಕ್ಕ 500ಕ್ಕೂ ಮ್ಯಾಲ. ಕ್ಯಾಲಿಫೋರ್ನಿಯಾದಾಗ 2008ರ ಮೇ ತಿಂಗಳದಾಗ ಸಲಿಂಗಿಗಳಿಗೆ ಮದುವಿ ಹಕ್ಕು ಅದ ಅಂತ ರಾಜ್ಯದ ಕೋರ್ಟ್ ಹೇಳ್ತು, ನವೆಂಬರ್‌ದಾಗ ಮಂದಿ ವೋಟ್ ಹಾಕಿ ರಾಜ್ಯದ ಸಂವಿಧಾನಾನೇ ತಿದ್ದಿ ತಗದ್ರು. ಈಗ ನೀನೇ ಯೋಚನೆ ಮಾಡು, ಬೆಂಗಳೂರಿನಾಗ ನಮ್ಮ ಭಾಗದ ಎಂಎಲ್‌ಎ ಎಷ್ಟು ಮಂದಿ, ಬಾಕಿ ಕಡೀದವ್ರು ಎಷ್ಟು ಮಂದಿ. ನಮ್ಮ ಹೈ-ಕ ಮೀಸಲಾತಿ ಅವರ ವೋಟಿನ ಮ್ಯಾಲ ಇರೋದಕ್ಕಿಂತ ದೇಶದ ಪುಸ್ತಕದಾಗ ಇರೋದೇ ನನಗ ಧೈರ್ಯ. ಮೂಟ್‌ದಾಗ ಇದನ್ನೇ ಹಿಡಿ, ಜೋಡೀಕ 16(3) ತಪ್ಪದೆ ಓದ್ಕೊಂಡು ಹೋಗು. ವಾಸದ ಮ್ಯಾಲ ನೌಕರಿ ಮೀಸಲು ಮಾಡೋ ಅಧಿಕಾರ ಅದರಾಗ ಪಾರ್ಲಿಮೆಂಟಿಗಷ್ಟೇ ಅದ, ಜಡ್ಜ್ ಮೊದಲ ಅಲ್ಲೇ ಹಿಡೀತಾರ.